ಎಪ್ಪತ್ತೆರಡನೇ ಚಾನೆಲ್

ಲೋಫೋಟೆನ್, ನಾರ್ವೆ, ಭಾನುವಾರ

ಓಡ್ವಾರ್,

ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದವನ್ನು ಇವತ್ತಿನ ದೋಣಿಯಲ್ಲೇ ಕಳಿಸುತ್ತಿದ್ದೇನೆ.

ನಿನ್ನಣ್ಣ ಹಾಲ್ಗೈರ್‌ನ ಕೋಟಿನಲ್ಲಿ ಸಿಕ್ಕ ವಾಕಿಟಾಕಿಯ ಪರದೆ ಒಡೆದಿತ್ತಲ್ಲ, ತನಿಖೆಯವರು ಅದಕ್ಕೆ ವೈರ್ ಸಿಕ್ಕಿಸಿ ಚಾನೆಲ್ಲನ್ನು ಕಂಪ್ಯೂಟರಿನಲ್ಲಿ ನೋಡಿದರು. ದೋಣಿ ಮುಳುಗುವಾಗ ಅವನು ಕರೆದದ್ದು ಅಪಾಯದ ಕರೆಗೆಂದು ಎಲ್ಲರೂ ಕಿವಿಗೊಟ್ಟಿರುವ ಹದಿನಾರರಲ್ಲಲ್ಲ, ಎಪ್ಪತ್ತೆರಡರಲ್ಲಿ. "ಇದು ಯಾರ ಚಾನೆಲ್ಲಮ್ಮ?" ಎಂದು ಕೇಳಿದರು. ಕಾಡ್ ಮೀನು ಸಿಗುವ ಜಾಗ ಬೇರೆ ದೋಣಿಗಳಿಗೆ ತಿಳಿಯದಂತೆ ನೀವಿಬ್ಬರೂ ಮಾತಾಡಿಕೊಳ್ಳುತ್ತಿದ್ದದ್ದು ಅದರಲ್ಲೇ ಎಂದು ನಾನು ಹೇಳಲಿಲ್ಲ.

"ಹದಿನಾರಕ್ಕೆ ತಿರುಗಿಸೋಕೆ ಏನಾಗಿತ್ತಂತೆ ಅವನಿಗೆ?" ಅಂತ ಬಂದರಿನವರು ಆಡಿಕೊಳ್ಳುತ್ತಿದ್ದಾರೆ. ಆಡಿಕೊಳ್ಳಲಿ. ನಿನ್ನ ದೋಣಿ ಅವನ ಕಣ್ಣಿಗೆ ಕಾಣುತ್ತಿತ್ತು. ಅವನ ಜೊತೆಗಿನ ಬಲೆಯ ಜಗಳದ ಸಿಟ್ಟಿಗೆ ಅವತ್ತು ನೀನು ನಿನ್ನ ವಾಕಿಟಾಕಿಯನ್ನು ಆಫ್ ಮಾಡಿದ್ದು ನಿನಗೂ ನನಗೂ ಗೊತ್ತು, ಅವನಿಗೆ ಗೊತ್ತಿರಲಿಲ್ಲ.

ಅತ್ತೆ ಕೇಳಿದರೆ ನಿನ್ನದರ ಬ್ಯಾಟರಿ ಮುಗಿದಿತ್ತು ಅನ್ನು. ನಾನೂ ಹಾಗೇ ಹೇಳಿದ್ದೇನೆ.

ನಾಳೆ ಶವಪೆಟ್ಟಿಗೆಯನ್ನು ದೋಣಿಯಲ್ಲಿ ಊರಿಗೆ ತರುತ್ತೇವೆ. ಹೊರಲು ಒಂದು ಹೆಗಲು ಕಮ್ಮಿಯಿದೆ. ವಾಕಿಟಾಕಿಯನ್ನು ನನಗೆ ವಾಪಸ್ ಕೊಟ್ಟಿದ್ದಾರೆ. ಅದರಲ್ಲಿ ಚಾನೆಲ್ ಬದಲಿಸಲು ನನಗೆ ಬರುವುದಿಲ್ಲ. ದಡ ಕಂಡಾಗ ಅದರಲ್ಲೇ ಕರೆಯುತ್ತೇನೆ.

ನಿನ್ನದು ಆನ್ ಇರಲಿ.

ನಿನ್ನ ಅತ್ತಿಗೆ,
ತೂರಿಡ್