ಭರವಸೆ ಬಡಾವಣೆಯಲ್ಲೊಂದು ಮನೆ

ವಿದಿನ್
ಜೂನ್ ೧೮

ಪ್ರೀತಿಯ ರುಮೆನ್,

ಬೈಗುಳದಿಂದಲೇ ಶುರುಮಾಡಬೇಕು ಅನ್ನಿಸುತ್ತಿದೆ, ಆದರೂ ಮೊದಲು ಕೇಳುತ್ತೇನೆ: ಚೆನ್ನಾಗಿದ್ದೀಯಾ? ಸೊಂಟನೋವು ಕಡಿಮೆಯಾಯಿತೇ? ಕಾಗದ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ನಿನ್ನ ಅಪ್ಪಣೆಯಂತೆ ಸೋಫಿಯಾದಲ್ಲಿ ಮನೆ ಹುಡುಕುವುದರಲ್ಲೇ ನನ್ನ ರಜೆಯೆಲ್ಲ ಕರಗಿಹೋಯಿತು. ಫೋನಿನಲ್ಲಿ ಹೇಳೋಣವೆಂದರೆ ನಾನು ಮುಖ್ಯವಾದ ಮಾತಿಗೆ ಬರುವಷ್ಟರಲ್ಲಿ ನಿನ್ನ ಪಾಳಿ ಶುರುವಾಗಿರುತ್ತದೆ, ಇಲ್ಲವೇ ಸಿಗ್ನಲ್ ಹೋಗಿರುತ್ತದೆ. ಕಾಗದವಾದರೆ ನಡುವೆ ಬಾಯಿ ಹಾಕಲು ಆಗುವುದಿಲ್ಲ ನೋಡು. ಜರ್ಮನಿ ಬಸ್ಸಿನ ಡ್ರೈವರ್ ಬ್ಲಾಗೊಯ್ ಕೈಯಲ್ಲಿ ಕಳಿಸುತ್ತಿದ್ದೇನೆ. ಜೊತೆಗೆ ನಿನ್ನಮ್ಮ ಮಾಡಿದ ಕೆಂಪು ಮೆಣಸಿನಕಾಯಿ ಗೊಜ್ಜಿದೆ, ಹೋದ ವರ್ಷದ್ದರಲ್ಲಿ ಉಳಿದಿದ್ದ ಕೊನೆಯ ಬಾಟಲಿ. ರೂಮಿನವರಿಗೆಲ್ಲ ಹಂಚಿ ದೊಡ್ಡಸ್ತಿಕೆ ತೋರಿಸಬೇಡ.

ಈಸ್ಟರ್ ಹಬ್ಬಕ್ಕೆ ಬಂದಿದ್ದಾಗ ಅಡುಗೆಮನೆಯಲ್ಲಿ ಕಾಲುಚಾಚಿ ಕೂತು ಹೇಳಿದ್ದೆಯಲ್ಲ, "ಮಕ್ಕಳಿಗೆ ಹೊಂದೋ ಏರಿಯಾ ಇರ್ಬೇಕು ಕಲಿನಾ. ಪಾರ್ಕ್ ಇರ್ಬೇಕು. ಯಾನಾ ಸ್ಕೂಲಿಗೆ ನಡ್ಕೊಂಡೇ ಹೋಗ್ಬೇಕು. ನೀನು ಕೆಲಸಕ್ಕೆ ಸೇರೋ ಆಸ್ಪತ್ರೆಗೂ ನನ್ನ ಹೊಸ ವರ್ಕ್‌ಶಾಪಿಗೂ ಒಂದೇ ಮೆಟ್ರೋ ಸಾಕಾಗ್ಬೇಕು. ಗಲಾಟೆ ಇರ್ಬಾರ್ದು, ಬಾಡಿಗೆ ಜಾಸ್ತಿ ಇರ್ಬಾರ್ದು." ಅಂಥ ಜಾಗ ಸ್ವರ್ಗದಲ್ಲಿದೆಯಂತೆ ರುಮೆನ್. ಅಲ್ಲಿಗೆ ಮೆಟ್ರೋ ಇನ್ನೂ ಹಾಕಿಲ್ಲ.

ನಿನಗೇನು, ಅಲ್ಲಿ ಕೂತು ಫೋನಿನ ನಕ್ಷೆಯಲ್ಲಿ ಬೆರಳು ಆಡಿಸಿದರೆ ಮುಗಿಯಿತು. ಇಲ್ಲಿ ಮೆಟ್ಟಿಲು ಹತ್ತಿ ಇಳಿದು ಸತ್ತವಳು ನಾನು. ಜೊತೆಗೆ ನಿನ್ನಮ್ಮ. "ನಾನೂ ಇರೋ ಮನೆ ಅಲ್ವೇನೇ, ನಾನೂ ನೋಡ್ಬೇಕು" ಎಂದು ಊರುಗೋಲು ಹಿಡಿದು ಹೊರಟೇಬಿಟ್ಟರು. ಅತ್ತೆಗೆ ಬೇಡ ಅನ್ನುವ ಧೈರ್ಯ ಈ ಜಿಲ್ಲೆಯಲ್ಲಿ ಯಾರಿಗಿದೆ?

ಬ್ರೋಕರ್ ಒಬ್ಬ ಸಿಕ್ಕಿದ, ಪ್ಲಾಮೆನ್ ಅಂತ. ಬಾಯಿ ತೆರೆದರೆ "ಮೆಟ್ರೋ ಎರಡೇ ಹೆಜ್ಜೆ ಮೇಡಂ." ಮೊದಲು ಕರೆದೊಯ್ದಿದ್ದು ಯೌವನ ಬಡಾವಣೆಗೆ. ಮನೆಯೇನೋ ಚೆನ್ನಾಗಿತ್ತು, ಆದರೆ ಆ ಎರಡು ಹೆಜ್ಜೆ ಮುಗಿಯುವುದೇ ಇಲ್ಲ. ಬಿಸಿಲಲ್ಲಿ ನಡೆದೂ ನಡೆದೂ ಜೀವ ಬಾಯಿಗೆ ಬಂತು. ಅತ್ತೆ ಒಂದು ಬೆಂಚಿನ ಮೇಲೆ ಕುಸಿದು, "ಏನಪ್ಪಾ, ಈ ಹೆಜ್ಜೆ ಇಟ್ಟೋನು ಎಷ್ಟುದ್ದ ಇದ್ದ?" ಎಂದು ಕೇಳಿದರು. ಅವನು ಹಲ್ಲುಕಿರಿದ.

ಆಮೇಲೆ ಗೆಳೆತನ ಬಡಾವಣೆ. ಈ ಹೆಸರುಗಳನ್ನಿಟ್ಟ ಪುಣ್ಯಾತ್ಮ ಅಲ್ಲಿ ಒಂದು ದಿನವೂ ವಾಸ ಮಾಡಿರಲಿಕ್ಕಿಲ್ಲ. ನೆತ್ತಿಯ ಮೇಲೇ ವಿಮಾನ ಇಳಿಯುತ್ತಿತ್ತು, ಅದು ಹೋಗಲಿ, ಯಾನಾಗೆ ವಿಮಾನವೆಂದರೆ ಪ್ರಾಣ. ಕೆರೆಯಿದೆ, ಬಾತುಕೋಳಿ ಇದೆ, ಮೆಟ್ರೋ ಕೂಡ ಹತ್ತಿರ. ಮಲಗುವ ಕೋಣೆಯಲ್ಲಿ ಏನೋ ಮುಗ್ಗಲು ವಾಸನೆ ಬಂದಂತಾಯಿತು. "ಈ ಗೋಡೆಗೆ ತೇವ ಬರುತ್ತಾ?" ಎಂದು ಕೇಳಿದೆ. ಪ್ಲಾಮೆನ್ ತಲೆಯನ್ನು ಮೇಲೆ ಕೆಳಗೆ ಆಡಿಸಿದ. ಸರಿ, ನಮ್ಮ ಕಡೆ ಹಾಗೆಂದರೆ ಬರುವುದಿಲ್ಲ ಅಂತಾಯಿತಲ್ಲ. ಹೆಚ್ಚುಕಡಿಮೆ ಮಾತು ಕೊಟ್ಟೇಬಿಟ್ಟಿದ್ದೆ. ಅಷ್ಟರಲ್ಲಿ ಅತ್ತೆ ಊರುಗೋಲಿನಿಂದ ಬೀರುವನ್ನು ಸ್ವಲ್ಪ ಸರಿಸಿದರು ನೋಡು, ಹಿಂದೆ ಗೋಡೆಯಿಡೀ ಕಪ್ಪು ಬೂಷ್ಟು!

"ಕಣ್ಣಿಗೆ ಮಣ್ಣೆರಚ್ತೀಯೇನಯ್ಯಾ?" ಎಂದು ರೇಗಿದೆ.

"ಅಯ್ಯೋ, ತೇವ ಬರುತ್ತೆ ಅಂತ ನಾನೇ ಹೇಳಿದ್ನಲ್ಲ ಮೇಡಂ!"

"ಎಲ್ಲಿ ಹೇಳ್ದೆ? ಮೇಲೆ ಕೆಳಗೆ ತಲೆ ಆಡ್ಸಿದೆ. ಉಹೂಂ ಅಂತ ತಾನೇ?"

ಅವನು ಹಣೆ ಚಚ್ಚಿಕೊಂಡ. "ಹತ್ತು ವರ್ಷ ಜರ್ಮನಿ ಹೋಟೆಲಲ್ಲಿ ತಟ್ಟೆ ಹೊತ್ತಿದ್ದೀನಿ. ಅಲ್ಲಿ ಮೇಲೆ ಕೆಳಗೆ ಆಡ್ಸಿದ್ರೆ ಹೂಂ, ಅಡ್ಡಡ್ಡ ಆಡ್ಸಿದ್ರೆ ಉಹೂಂ. ಎಲ್ಲಾ ನಮ್ದಕ್ಕೆ ತಿರುಗಾಮುರುಗಾ. ಈಗ ನನ್ ತಲೆ ಯಾವ ದೇಶದ್ದು ಅಂತ ನನಗೇ ಗೊತ್ತಾಗಲ್ಲ."

"ಬಾಯಿ ಇದೆಯಲ್ಲಪ್ಪ, ಅದರಲ್ಲಿ ಹೇಳು," ಎಂದರು ಅತ್ತೆ. "ತಲೇನ ಟೋಪಿಗೆ ಇಟ್ಕೋ. ಆ ಟೋಪೀನ ಬೇರೆಯವರಿಗೆ ಹಾಕ್ಬೇಡ."

ರೈಲಿನಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ಇದನ್ನೇ ಹೇಳಿಕೊಂಡು ನಕ್ಕೆವು.

ಇನ್ನು ಈ ಉಸಾಬರಿಯೇ ಸಾಕು ಎಂದು ಕೈಚೆಲ್ಲಿದ್ದೆ. ಅಷ್ಟರಲ್ಲಿ ಪ್ಲಾಮೆನ್ ಫೋನ್ ಮಾಡಿ, "ಬಾಯಲ್ಲೇ ಹೇಳ್ತಿದ್ದೀನಿ ಮೇಡಂ, ಇದು ನಿಜಕ್ಕೂ ಚೆನ್ನಾಗಿದೆ" ಎಂದ. ಭರವಸೆ ಬಡಾವಣೆ. ಹಳೆಯ ಕಟ್ಟಡ, ಮೂರನೇ ಮಹಡಿ. ಆ ಕಟ್ಟಡದಲ್ಲಿ ತೀರಿಕೊಂಡವರ ಹೆಸರು, ವಯಸ್ಸು ಬರೆದು ಕೆಳಬಾಗಿಲಿಗೆ ಅಂಟಿಸಿದ್ದ ಸಾವಿನ ಚೀಟಿಗಳ ಮುಂದೆ ನಿನ್ನಮ್ಮ ಕನ್ನಡಕ ಏರಿಸಿ ನಿಂತೇಬಿಟ್ಟರು. ಒಂದೊಂದನ್ನೂ ಓದಿ ಮುಗಿಸಿ, "ಎಲ್ಲಾ ತೊಂಬತ್ತು ದಾಟಿದೋರೇ. ಗಾಳಿ ನೀರು ಚೆನ್ನಾಗಿದೆ ಕಣೇ, ಒಳಗೆ ನಡಿ" ಎಂದರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಆದರೆ ರುಮೆನ್, ಮನೆ ಸಿಕ್ಕಿತು ಕಣೋ. ಕಿಟಕಿ ತೆರೆದರೆ ಲಿಂಡನ್ ಮರ, ಹೂಬಿಟ್ಟು ಕೋಣೆಯೆಲ್ಲ ಘಮಘಮ ಅನ್ನುತ್ತಿತ್ತು. ಎದುರಿಗೇ ಶಾಲೆ, ಅದರ ಹಿಂದೆ ಪಾರ್ಕು. ಅಂಗಳದಲ್ಲಿ ಮಕ್ಕಳು ಹಗ್ಗದಾಟ ಆಡುತ್ತಿದ್ದವು, ಒಬ್ಬ ಹೆಂಗಸು ಬಾಲ್ಕನಿಯಿಂದ ಬುಟ್ಟಿ ಇಳಿಬಿಟ್ಟು ಮಗನಿಂದ ಬ್ರೆಡ್ ತರಿಸಿಕೊಳ್ಳುತ್ತಿದ್ದಳು. ಮೆಟ್ರೋ ಈ ಸಲ ನಿಜವಾಗಿಯೂ ಕೂಗಳತೆಯಲ್ಲಿದೆ. ನನ್ನ ಆಸ್ಪತ್ರೆಗೆ ಹೋಗಿಬಂದು ನೋಡಿದೆ, ನಿನ್ನ ವರ್ಕ್‌ಶಾಪಿಗೂ ಹೋಗಿಬಂದೆ. ಗೇಟಿನವನು "ಯಾರು ಬೇಕಿತ್ತು?" ಎಂದು ಕೇಳಿದಾಗ "ಯಾರೂ ಇಲ್ಲ, ದಾರಿ ನೋಡೋಕೆ ಬಂದೆ" ಎಂದುಬಿಟ್ಟೆ. ತಿಕ್ಕಲು ಹೆಂಗಸು ಅಂದುಕೊಂಡಿರಬೇಕು.

ಮನೆಯೊಡತಿ ಲಿಲ್ಯಾನಾ ಮಾತ್ರ ಗಂಟುಮುಖದವಳು. "ನನಗೆ ಸಂಸಾರಸ್ಥರೇ ಬೇಕು. ಗಂಡ ಎಲ್ಲಿ?" ಎಂದಳು.

"ಜರ್ಮನಿಯಲ್ಲಿದ್ದಾನೆ. ಸೆಪ್ಟೆಂಬರಿಗೆ ಬರ್ತಾನೆ. ಇಲ್ಲೇ ಕೆಲಸ ಗೊತ್ತಾಗಿದೆ."

"ಎಲ್ಲರ ಗಂಡಂದಿರೂ ಸೆಪ್ಟೆಂಬರಿಗೇ ಬರೋದು ಕಣಮ್ಮ" ಎಂದುಬಿಟ್ಟಳು.

ಅತ್ತೆಯ ಮುಖ ಕೆಂಪೇರಿತು. "ನನ್ ಮಗನ ಬಗ್ಗೆ ಹಾಗೆಲ್ಲ ಮಾತಾಡ್ಬೇಡ. ಈ ಬಾಲ್ಕನೀಲಿ ಅವನು ಗೊಜ್ಜಿಗೆ ಮೆಣಸಿನಕಾಯಿ ಸುಡ್ತಾನೆ, ಆಗ ನಿನಗೂ ಒಂದು ಬಾಟಲಿ ಕೊಡ್ತೀನಿ, ತಿಂದು ಬಾಯಿ ಮುಚ್ಕೋ" ಎಂದರು. ಲಿಲ್ಯಾನಾ ಅದಕ್ಕೇ ಮೆತ್ತಗಾದಳು ಅನ್ನಿಸುತ್ತದೆ. ಬೀಳ್ಕೊಡುವಾಗ ಕೆಳಗಿನ ಬಾಗಿಲ ಹತ್ತಿರ ನಿಂತು, "ಬೆಲ್ ಪಕ್ಕ ಯಾರ್ಯಾರ ಹೆಸರು ಹಾಕ್ಲಿ? ತಿಂಗಳ ಕೊನೆಯೊಳಗೆ ಹೇಳ್ಬಿಡು, ಕೇಳೋರು ಬೇರೆಯವರೂ ಇದ್ದಾರೆ" ಎಂದಳು. ನಾಲ್ಕು ಹೆಸರು ಎಂದೆ. ಬರೆದು ಕಳಿಸುತ್ತೇನೆ ಎಂದೆ. ಇನ್ನೂ ಕಳಿಸಿಲ್ಲ.

ಯಾಕೆ ಕಳಿಸಿಲ್ಲ ಎಂದು ಕೇಳಬೇಡ. ನಿನಗೆ ನಾನು ಫೋಟೋ ಕಳಿಸಿದೆ. ನೀರಿನ ಒತ್ತಡ ಹೇಗಿದೆ ಎಂದು ನೀನು ಕೇಳಿದೆ, ಲಿಫ್ಟು ಇದೆಯಾ ಎಂದು ಕೇಳಿದೆ, ಕಿಟಕಿ ಯಾವ ದಿಕ್ಕಿಗೆ ಎಂದು ಕೇಳಿದೆ. ಯಾವ ತಾರೀಕಿಗೆ ಬರುತ್ತೀಯಾ ಎಂದು ನಾನು ಕೇಳಿದಾಗಲೆಲ್ಲ "ಆಮೇಲೆ ಮಾತಾಡೋಣ" ಅನ್ನುತ್ತೀಯ. ಆ ಆಮೇಲೆ ಅನ್ನುವುದಕ್ಕೆ ಕಾದು ಕಾದು ನನಗೆ ರೋಸಿಹೋಗಿದೆ. ಬಾರದವನಿಗೆ ನೀರಿನ ಒತ್ತಡ ಕಟ್ಟಿಕೊಂಡು ಏನಾಗಬೇಕು ಎಂದು ಒಮ್ಮೆ ಸಮಾಧಾನವಾಗುತ್ತದೆ, ಮರುಕ್ಷಣ ನಿನ್ನ "ಆಮೇಲೆ" ನೆನಪಾಗುತ್ತದೆ.

ಹೋದ ಭಾನುವಾರ ವಿಡಿಯೋದಲ್ಲಿ ಯಾನಾ ಚಿತ್ರ ತೋರಿಸಿದಳಲ್ಲ, ಹೊಸ ಮನೆ, ಕಿಟಕಿಯಲ್ಲಿ ನಾವು ನಾಲ್ವರು. "ಅಪ್ಪಾ, ಇದು ನೀನು. ಚೆನ್ನಾಗಿ ಬಂದಿದೆಯಾ?" ಎಂದಳು. ನೀನು ತಲೆಯನ್ನು ಮೇಲೆ ಕೆಳಗೆ ಆಡಿಸಿದೆ. ಪಾಪ, ಮಗು ಹೋ ಎಂದು ಅತ್ತುಬಿಟ್ಟಿತು. ನೀನು ಜೋರಾಗಿ ನಕ್ಕು, "ಅಯ್ಯೋ ಚಿನ್ನಾ, ಇದು ಇಲ್ಲಿಯ ಹೂಂ. ಆರು ವರ್ಷ ಆಯ್ತಲ್ಲ, ಅಪ್ಪನ ತಲೆ ಪೂರ್ತಿ ಇಲ್ಲಿಯದೇ ಆಗ್ಬಿಟ್ಟಿದೆ" ಎಂದೆ. ಅವಳು ಕಣ್ಣೊರೆಸಿಕೊಂಡು ನಕ್ಕಳು. ನಾನೂ ನಕ್ಕೆ. ಒಲೆಯ ಮೇಲಿನ ಹಾಲು ಉಕ್ಕಿ ಹೋದದ್ದು ನನಗೆ ತಿಳಿಯಲೇ ಇಲ್ಲ.

ಇರಲಿ. ಸರಿಯಾಗಿ ಊಟ ಮಾಡು, ಭಾರ ಎತ್ತಬೇಡ. ಜೂನ್ ಆದರೂ ಸೊಂಟ ಬೆಚ್ಚಗಿಟ್ಟುಕೋ ಎಂದು ನಿನ್ನಮ್ಮ ಹೇಳಿದ್ದಾರೆ, ಆಶೀರ್ವಾದವನ್ನೂ ಅದರ ಜೊತೆಗೇ ಕಳಿಸಿದ್ದಾರೆ. ಯಾನಾಳ ಮುತ್ತು ಈ ಕಾಗದದ ಮೂಲೆಯಲ್ಲಿದೆ, ಜಿಡ್ಡಾಗಿರುವುದು ಅದೇ. ದೇವಮಾತೆ ನಿನ್ನನ್ನು ಕಾಯಲಿ.

ನಿನ್ನ
ಕಲಿನಾ

ತಾ.ಕ.: ಹಬ್ಬ ಮುಗಿಸಿ ನೀನು ಹೊರಟ ದಿನ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಹೊರಟೇಬಿಟ್ಟಿತ್ತು, ಗಾಜು ಮುಚ್ಚಿತ್ತು. ನಾನು ಪಕ್ಕದಲ್ಲೇ ಓಡುತ್ತಾ "ನಿಜವಾಗ್ಲೂ ಬರ್ತೀಯಲ್ವಾ? ನಾವೆಲ್ಲ ಒಟ್ಟಿಗೇ ಇರ್ತೀವಲ್ವಾ?" ಎಂದು ಕೂಗಿದೆ. ನಿನಗೆ ಕೇಳಿಸಿತು, ನನಗೆ ಗೊತ್ತು. ನನ್ನನ್ನೇ ನೋಡುತ್ತಾ ನಿಧಾನಕ್ಕೆ ತಲೆಯನ್ನು ಅಡ್ಡಡ್ಡ ಆಡಿಸಿದೆ. ನಾನು ಕುಣಿದುಕೊಂಡು ಮನೆಗೆ ಬಂದು, ಮರುದಿನವೇ ಬ್ರೋಕರಿಗೆ ಫೋನ್ ಮಾಡಿದೆ. ಇಷ್ಟು ಮೆಟ್ಟಿಲು ಹತ್ತಿ ಇಳಿದದ್ದು ಆ ಒಂದು ತಲೆಯಾಟವನ್ನು ನಂಬಿ. ಬೆಲ್ಲಿನ ಪಕ್ಕ ನಾಲ್ಕು ಹೆಸರೋ ಮೂರೋ, ಬಾಯಿಬಿಟ್ಟು ಹೇಳು. ಅತ್ತೆಗೆ ನಾನು ಇದನ್ನು ಹೇಳಿಲ್ಲ. ಆವತ್ತು ಗಾಜಿನ ಹಿಂದೆ ನೀನು ಆಡಿಸಿದ್ದು ನಮ್ಮೂರಿನ ತಲೆಯೋ, ಅಲ್ಲಿಯದೋ, ರುಮೆನ್?