ನೀಲಿ ಮಿನಾರಿನ ಕೆಳಗೆ

ಅತ್ತೆಮ್ಮಾ,

ಮಣ್ಣಲ್ಲಿ ಮಲಗಿರುವ ನೀವು ಇದನ್ನು ಓದುವುದಿಲ್ಲ, ಗೊತ್ತು. ಆದರೂ ಹೇಳದೆ ಇರಲಾರೆ. ಇವತ್ತು ನನ್ನ ಮಗನ ಮದುವಣಗಿತ್ತಿ ಓಯ್‌ಜಾನ್‌ಳನ್ನು ಖೀವಾ ಕೋಟೆಯೊಳಗೆ ಮೆರವಣಿಗೆಯಲ್ಲಿ ಕರೆದೊಯ್ದೆವು. ವಾಡಿಕೆಯಂತೆ ಮುಸುಕು ಹೊದ್ದು, ತಲೆ ತಗ್ಗಿಸಿ, ಎದುರಾದವರಿಗೆಲ್ಲ ಬಾಗುತ್ತ ನಡೆದಳು.

ನೀಲಿ ಮಿನಾರಿನ ಕೆಳಗೆ ಕೇಳಿದೆ, "ಇಲ್ಲೀವರೆಗೆ ಏನೇನು ನೋಡ್ದೆ, ಮಗಳೇ?"

"ನಿಮ್ಮೆಲ್ಲರ ಬೂಟು, ಅತ್ತೆ."

ನಕ್ಕು ಅವಳ ಮುಸುಕು ಸರಿಸಿದೆ. ನಾದಿನಿ ಸಿಡುಕಿದಳು, "ಜನ ಏನಂದ್ಕೋತಾರೆ, ಅತ್ತಿಗೆ?"

"ಅಂದ್ಕೊಳ್ಳಲಿ. ಬಾಗೋಕೆ ಬದುಕೆಲ್ಲ ಇದೆ, ಮೊದಲು ಮೇಲೆ ನೋಡ್ಲಿ."

ಅದು ನಿಮ್ಮದೇ ಮಾತು. ನಾನು ಮದುವಣಗಿತ್ತಿಯಾಗಿ ಇಲ್ಲೇ ನಿಂತಿದ್ದಾಗ ನನ್ನ ಗದ್ದ ಹಿಡಿದೆತ್ತಿ ಅಂದದ್ದು.

ಓಯ್‌ಜಾನ್ ಕಣ್ಣರಳಿಸಿ ನೋಡುತ್ತಲೇ, "ನಿಮ್ಮ ಉಪಕಾರ ಮರೆಯಲ್ಲ, ಅತ್ತೆ" ಅಂದಳು.

ನಾನೂ ಮೇಲೆ ನೋಡುತ್ತ ನಿಮಗೆ ಅದನ್ನೇ ಅಂದೆ. ಮೊದಲ ಸಲ.