ಮೂಗಿನ ಪಕ್ಕದ ಬಿಲ್ಲೆ

ಭಾನುವಾರ, ಫೆಬ್ರುವರಿ ೯

ಪ್ರೀತಿಯ ಅಕ್ಕಾ,

ಚೆನ್ನಾಗಿದ್ದೀಯಾ? ಭಾವನ ಮಂಡಿನೋವು ಹೇಗಿದೆ? ನೀನು ವಿಡಿಯೋ ಕರೆ ಮಾಡಿದಾಗಲೆಲ್ಲ ಕ್ಯಾಮೆರಾ ಕೆಟ್ಟಿದೆ ಎಂದು ನೆಪ ಹೇಳಿದೆ, ಕ್ಷಮಿಸು. ಕೆಟ್ಟಿದ್ದು ಕ್ಯಾಮೆರಾ ಅಲ್ಲ. ಕಳೆದ ತಿಂಗಳು ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನೀರು ತಾನಾಗಿಯೇ ಸೋರಿತು. ಕನ್ನಡಿ ನೋಡಿದರೆ ಮುಖದ ಎಡಭಾಗ ಜೋತುಬಿದ್ದಿತ್ತು. ಔಷಧಿ ನಡೆಯುತ್ತಿದೆ, ಗಾಬರಿಯಾಗಬೇಡ. ಕಾಗದ ಬರೆಯುವಾಗ ಮುಖ ತೋರಿಸಬೇಕಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಇಷ್ಟು ವರ್ಷ ಬೇರೆಯವರ ಮುಖದ ನರ ಪರೀಕ್ಷಿಸಿದವಳು ಮೊನ್ನೆ ನಮ್ಮ ಲ್ಯಾಬಿನ ಅದೇ ಮಂಚದ ಮೇಲೆ ಮಲಗಿಕೊಂಡೆ. ನಾನೇ ಕೆಲಸ ಕಲಿಸಿದ ಹುಡುಗಿ ಮೂಗಿನ ಪಕ್ಕ ಎಲೆಕ್ಟ್ರೋಡಿನ ಬಿಲ್ಲೆ ಅಂಟಿಸಿ, ಕಿವಿಯ ಕೆಳಗೆ ಸಣ್ಣಗೆ ಕರೆಂಟು ಕೊಟ್ಟಳು. ನರ ಕೆಲಸ ಮಾಡುತ್ತಿದ್ದರೆ ಪರದೆಯ ಮೇಲೆ ಅಲೆ ಏಳಬೇಕು. ಬಲಗಡೆ ಎದ್ದಿತು. ಎಡಗಡೆ ಬರೀ ಗೆರೆ. ಅವಳು ಬಿಲ್ಲೆ ಕಿತ್ತು ಮತ್ತೆ ಅಂಟಿಸಿದಳು, ಕರೆಂಟು ಹೆಚ್ಚಿಸಿದಳು.

"ಬಂತು ಮೇಡಂ, ಅಲೆ ಬಂತು! ನಮ್ಮನ್ನ ಬೈಯೋ ಮುಖ ವಾಪಸ್ ಬರ್ತಿದೆ!"

ಅಕ್ಕಾ, ಎಷ್ಟು ಆಸೆಯಾಯಿತು ಗೊತ್ತೇ? ಆದರೆ ಕರೆಂಟು ತಾಗಿದಾಗ ನನ್ನ ಹಲ್ಲುಗಳು ಕಟಕ್ಕೆಂದು ಕಚ್ಚಿಕೊಂಡಿದ್ದವು.

"ಬಿಲ್ಲೆ ಎಲ್ಲಿ ಹಾಕಿದ್ದೀಯ?" ಎಂದೆ.

"ಸ್ವಲ್ಪ... ಕೆನ್ನೆ ಕಡೆಗೆ."

"ಅದು ಅಗಿಯೋ ಸ್ನಾಯು ಕಣೇ. ಅದರ ನರಾನೇ ಬೇರೆ. ಮೂಗಿನ ಪಕ್ಕಕ್ಕೇ ಹಾಕು."

ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಇವತ್ತೊಂದು ದಿನ ಹೀಗೇ ಇರ್ಲಿ ಬಿಡಿ, ಮೇಡಂ."

ಬಿಟ್ಟುಬಿಡಬಹುದಿತ್ತೇ? ಒಂದು ಗಳಿಗೆ ಆ ಅಲೆಯನ್ನೇ ನೋಡುತ್ತಾ ಮಲಗಿದ್ದೆ. ಬೇರೆಯವರ ಮುಖವಾಗಿದ್ದರೆ ಅಷ್ಟೂ ತಡಮಾಡುತ್ತಿರಲಿಲ್ಲವೇನೋ. ಆಮೇಲೆ ನಾನೇ ಬಿಲ್ಲೆ ಕಿತ್ತು, ತಡಕಿ, ಮೂಗಿನ ಪಕ್ಕಕ್ಕೆ ಒತ್ತಿಕೊಂಡೆ. ಅಲೆ ಹೋಗಿ ಮತ್ತೆ ಗೆರೆಯಾಯಿತು. ಹುಡುಗಿ ಅತ್ತಳು. ನಾನು ಸಮಾಧಾನ ಮಾಡಲು ನಕ್ಕೆ. ಅದು ನಗುವಿನಂತೆ ಕಂಡಿತೋ ಇಲ್ಲವೋ.

"ತುಂಬಾ ನಿಧಾನ ಆಗುತ್ತೆ, ಪೂರ್ತಿ ಸರಿಹೋಗುತ್ತೆ ಅಂತ ಹೇಳಲಾರೆ" ಎಂದರು ವರದಿ ನೋಡಿದ ಡಾಕ್ಟರು.

ಅಮ್ಮನಿಗೆ ನೀನೇ ಹೇಳು, ಮೆಲ್ಲಗೆ. ನಿನ್ನ ಮಕ್ಕಳು ನಗುನಗುತ್ತಾ ಇರಲಿ, ಚಿಕ್ಕಮ್ಮನ ಆಶೀರ್ವಾದ ಎಂದು ಹೇಳು.

ನಿನ್ನ
ಪುಟ್ಟಿ

ತಾ.ಕ.: ನನ್ನ ಮಗಳು ಎಡಗೈಯವಳಲ್ಲವೇ, ಮೊಣಕೈ ತಾಗಬಾರದೆಂದು ಊಟಕ್ಕೆ ಯಾವಾಗಲೂ ನನ್ನ ಎಡಕ್ಕೇ ಕೂರುತ್ತಿದ್ದಳು. ಮುಖ ಜೋತುಬಿದ್ದಾಗಿನಿಂದ ಬಲಕ್ಕೆ ಬಂದು ಕೂರುತ್ತಾಳೆ. ಊಟ ಮುಗಿಯುವವರೆಗೂ ನಮ್ಮ ಮೊಣಕೈಗಳು ತಾಗುತ್ತಲೇ ಇರುತ್ತವೆ.